ಜಾಮೀನು ನಿಂತವರ ಮನೆ

ಆದೋನಿ
6 ನವೆಂಬರ್ 2024

ಹಾರಿಕಾಳ ಅಪ್ಪನಿಗೆ,

ಮೊದಲು ನಿಮ್ಮ ಆರೋಗ್ಯ ಕೇಳಬೇಕು, ಗೊತ್ತು. ಆದರೆ ಸಿಟ್ಟು ಮುಂದೆ ಬಂದು ನಿಂತಿದೆ. ಬಸ್ಸು, ರೈಲು, ಮತ್ತೆ ಬಸ್ಸು ಹಿಡಿದು ಸಮುದ್ರದ ಕಡೆಯ ಆ ಊರಿಗೆ ಬಂದರೆ ಜೈಲಿನ ಗೇಟಿನಲ್ಲೇ ತಿರುಗಿಸಿ ಕಳಿಸಿದರು. "ನುವ್ವು ಕೂಡಾ ಕೇಸುಲೋ ಉನ್ನಾವು ಕದಮ್ಮಾ, ಮುಲಾಖತ್ ಲೇದು" ಅಂದ ಗೇಟಿನವನು. ಒಂದೇ ಕೇಸಿನ ಇಬ್ಬರು ಆರೋಪಿಗಳು ಭೇಟಿಯಾಗಬಾರದಂತೆ. ಜೈಲಿನಿಂದ ನೀವು ಫೋನ್ ಮಾಡಬಹುದಾದವರ ಪಟ್ಟಿಗೂ ನನ್ನ ನಂಬರ್ ಹಾಕುವುದಿಲ್ಲವಂತೆ. ಕಾಗದ ಬರೆಯಬಹುದು, ಓದಿ ಕೊಡುತ್ತಾರಂತೆ. ಮದುವೆಯಾದಾಗಿನಿಂದ ನಿಮಗೆ ಒಂದು ಸಾಲು ಬರೆದವಳಲ್ಲ ನಾನು. ಈಗ ಬರೆಯುತ್ತಿದ್ದೇನೆ, ಅದೂ ಪೊಲೀಸರು ಓದಲಿ ಅಂತ.

ನೀವೇ ಅಲ್ಲವೇ, ನಿಮ್ಮ ಅಧ್ಯಕ್ಷತೆಯ ಹತ್ತಿ ಬೆಳೆಗಾರರ ಸೊಸೈಟಿಗೆ ನನ್ನನ್ನು ಮಹಿಳಾ ನಿರ್ದೇಶಕಿ ಮಾಡಿದ್ದು? "ಬರೀ ಹೆಸರಿಗೆ, ನೀ ಏನೂ ಮಾಡಬೇಕಿಲ್ಲ" ಅಂದಿರಿ. ಏನೂ ಮಾಡಲಿಲ್ಲ. ಈಗ ನನ್ನ ಜಾಮೀನಿನ ಷರತ್ತಿಗೆ ಶನಿವಾರ ಶನಿವಾರ ಪೊಲೀಸ್ ಠಾಣೆಗೆ ಹೋಗಿ ಸಹಿ ಹಾಕುತ್ತಿದ್ದೇನೆ. ನಿಮ್ಮಪ್ಪ ಸಿದ್ದಬಸಪ್ಪನವರು ಪಂಚಾಯತಿ ಸಮಿತಿ ಅಧ್ಯಕ್ಷರಾಗಿದ್ದ ಕಾಲದಲ್ಲಿ ಕಟ್ಟಿಸಿಕೊಟ್ಟ ಠಾಣೆಯ ಕಟ್ಟೆ ಮೇಲೆ ಕೂತು, ಹೆಸರು ಕರೆಯುವವರೆಗೆ ಕಾಯುತ್ತೇನೆ.

ಬ್ಯಾಂಕಿನ ಸಂಗತಿ ಕೇಳಿ. ನಿಮ್ಮ ಖಾತೆ, ನನ್ನ ಖಾತೆ, ಹಾರಿಕಾಳ ಹೆಸರಿನ ಖಾತೆ, ಮೂರೂ ಫ್ರೀಜ್. ಹಾಕಿದ ದುಡ್ಡು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಬೇರೆ ಬ್ಯಾಂಕಿಗೆ ಹೋಗಿ ಹೊಸ ಖಾತೆ ಕೇಳಿದೆ. ಆ ಹುಡುಗಿ ನಗುತ್ತಾ ಆಧಾರ್ ತಗೊಂಡಳು, ಕಂಪ್ಯೂಟರ್ ನೋಡಿದಳು, ನಗು ನಿಲ್ಲಿಸಿದಳು. ಒಳಗೆ ಹೋಗಿ ಬಂದು ಆಧಾರನ್ನು ಎರಡು ಬೆರಳಲ್ಲಿ ಹಿಡಿದು ವಾಪಸ್ ಕೊಟ್ಟಳು, ಮೈಲಿಗೆ ಬಟ್ಟೆ ಹಿಡಿದ ಹಾಗೆ. ಹೊಲದ ಹತ್ತಿ ಮನೆಗೆ ಬಂದಿದೆ. ಅದನ್ನು ಮಾರಿದರೆ ಹಾರಿಕಾಳ ಸ್ಕೂಲಿನ ಫೀಸು ಆಗುತ್ತದೆ ಅಂದುಕೊಂಡಿದ್ದೇನೆ. ನೀವು ಬೇಗ ಬನ್ನಿ, ಅದೊಂದೇ ನನಗೆ ಬೇಕು. ಉಳಿದದ್ದೆಲ್ಲ ನಾನು ನೋಡಿಕೊಳ್ಳುತ್ತೇನೆ.

ಶೋಭಾರಾಣಿ


ಜೈಲು
15 ನವೆಂಬರ್ 2024

ಶೋಭಾ,

ನಿನ್ನ ಕಾಗದ ಓದಿ ನಕ್ಕೆ. ಜೈಲಿನಲ್ಲಿ ನಗುವ ಮೊದಲ ಮನುಷ್ಯ ನಾನೇ ಇರಬೇಕು. ಹೆದರಬೇಡ. ಸಿದ್ದಬಸಪ್ಪನ ಮಗ ಇಂಥ ಕೇಸುಗಳಿಗೆ ಬಗ್ಗುವವನಲ್ಲ ಅಂತ ಊರಿಗೆಲ್ಲ ಹೇಳು.

ಒಂದು ಒಳ್ಳೆ ಸುದ್ದಿ. ಕನ್ನಡದ ಕಾಗದ ಓದುವವರಿಲ್ಲದೆ ನಿನ್ನದನ್ನು ಹಾಗೇ ಇಟ್ಟಿದ್ದರು. ಈಗ ಚಂದ್ರ ಅಂತ ಒಬ್ಬ ವಾರ್ಡರ್ ಸಿಕ್ಕಿದ್ದಾನೆ. ನಮ್ಮ ಕಡೆಯವನು, ಮಾಧವರಂನವನು. ಇಷ್ಟು ಜನ ತೆಲುಗರ ನಡುವೆ ಅವನು "ಏನ್ರಿ ಅಧ್ಯಕ್ಷರ, ಉಂಡ್ರೇನ್ರಿ" ಅಂದಾಗ ಕಣ್ಣಲ್ಲಿ ನೀರು ಬಂತು. ಇನ್ನು ನಮ್ಮ ಕಾಗದಗಳನ್ನು ಅವನೇ ಓದಿ ಪಾಸ್ ಮಾಡುತ್ತಾನೆ. ಆದ್ದರಿಂದ ಬಿಚ್ಚುಮನಸ್ಸಿನಿಂದ ಬರಿ. ನಾನೂ ಬರೆಯುತ್ತೇನೆ.

ಕೇಳು. ಸೊಸೈಟಿಯ ಚೆಕ್ಕುಗಳಿಗೆ ಸಹಿ ಹಾಕಿದವನು ನಾನು, ನಿಜ. ಹಾಕು ಅಂದವರು ಬೇರೆ. ದುಡ್ಡು ಹೋದದ್ದು ಅವರ ಮನೆಗೆ. ನನಗೆ ಬಂದದ್ದು ಒಂದು ಶಾಲು, ಒಂದು ಹಾರ. ಅವರ ಹೆಸರು ನಿನಗೆ ಹೇಳಿಲ್ಲ, ಈಗಲೂ ಹೇಳುವುದಿಲ್ಲ. ರಾಜಕೀಯದ ಹೆಸರುಗಳನ್ನು ಅಡುಗೆಮನೆಗೆ ತರಬಾರದು ಅಂತ ಅಪ್ಪ ಹೇಳುತ್ತಿದ್ದರು. ಆದರೆ ಮ್ಯಾಜಿಸ್ಟ್ರೇಟ್ ಮುಂದೆ ಹೇಳುತ್ತೇನೆ. ತನಿಖೆಯವರು ಬಂದು ಕೇಳಿ ಹೋಗಿದ್ದಾರೆ, ಬರೆದುಕೊಡು ಅಂದಿದ್ದಾರೆ. ಉಪ್ಪು ತಿಂದವರು ನೀರು ಕುಡಿಯಲಿ.

ವಕೀಲ ಲಕ್ಷ್ಮಿಕಾಂತ್ ಬಂದಿದ್ದ. ಜಾಮೀನು ಸಿಗುತ್ತದೆ ಅಂದ. ನನ್ನ ಸಹಿ ಬೇಕಿದ್ದ ಕಾಗದಗಳಿಗೆಲ್ಲ ಈಗಲೇ ಹಾಕಿ ಕೊಟ್ಟಿದ್ದೇನೆ. ಇನ್ನು ಆಸ್ತಿ ಇರುವ ಇಬ್ಬರು ನನಗಾಗಿ ಜಾಮೀನು ನಿಂತರೆ ಸಾಕು. ಅಪ್ಪನ ಉಪಕಾರ ಪಡೆದವರು ನಂದವರಂನಿಂದ ದೇವನಕೊಂಡದವರೆಗೆ ಇದ್ದಾರೆ. ನೀನು ಬಾಗಿಲಿಗೆ ಹೋದರೆ ಎದ್ದು ಬರುತ್ತಾರೆ.

ಸೋಮೇಶ್


ಆದೋನಿ
2 ಡಿಸೆಂಬರ್ 2024

ಹಾರಿಕಾಳ ಅಪ್ಪನಿಗೆ,

ಎದ್ದು ಬಂದರು. ಬಾಗಿಲು ಹಾಕಿಕೊಳ್ಳಲು ಎದ್ದು ಬಂದರು.

ನಂದವರಂನಲ್ಲಿ ನಿಮ್ಮಪ್ಪ ಕೆಲಸ ಕೊಡಿಸಿದ ಮೇಷ್ಟ್ರ ಮನೆಗೆ ಹೋದೆ. ಟಿವಿ ಸದ್ದು ಕೇಳುತ್ತಿತ್ತು, ನನ್ನನ್ನು ಕಂಡು ಟಿವಿ ಸುಮ್ಮನಾಯಿತು. "ಮನ್ಯಾಗ ಯಾರೂ ಇಲ್ರೀ" ಅಂತ ಒಳಗಿನಿಂದ ಮೇಷ್ಟ್ರ ದನಿಯೇ ಹೇಳಿತು. ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿಯ ಗತಿಯೂ ಹಾಗೇ. ನಮ್ಮ ಹಳೆಯ ದಲಾಲಿ ಹತ್ತಿಯನ್ನು ಕೈಯಲ್ಲಿ ಹಿಂಜಿ ನೋಡಿದ, ಎಳೆ ನೋಡಿದ, ತಲೆಯಾಡಿಸಿದ. ಆಮೇಲೆ "ಪತ್ತಿ ಬಾಗುಂದಮ್ಮಾ, ಪೇರೇ ಬಾಗಲೇದು" ಅಂದ. ಹತ್ತಿ ಚೆನ್ನಾಗಿದೆಯಂತೆ, ಹೆಸರು ಚೆನ್ನಾಗಿಲ್ಲವಂತೆ. ನಮ್ಮ ಹೆಸರಿಗೆ ಚೀಟಿ ಬರೆದರೆ ಅವನ ಖಾತೆಯನ್ನೂ ನೋಡುತ್ತಾರೆ ಅಂತ ಭಯ. ಬೇರೆಯವರ ಹೆಸರಲ್ಲಿ ಮಾರೋಣ ಅಂದರೆ ಹೆಸರು ಕೊಡುವವರೇ ಇಲ್ಲ. ಹತ್ತಿ ತುಂಬಿದ ಬೋರ ಚೀಲಗಳು ಜಗಲಿಯ ಮೇಲೆ ಕೂತಿವೆ, ನೆಂಟರ ಹಾಗೆ. ಬಳೆ ಒತ್ತೆ ಇಡಲು ಹೋದೆ, ಅಲ್ಲೂ ಕಂಪ್ಯೂಟರ್ ನೋಡಿ ಬಳೆ ವಾಪಸ್ ಕೊಟ್ಟರು. ಬಂಗಾರಕ್ಕೂ ಜಾತಕ ಕೇಳುವ ಕಾಲ ಬಂತು.

ಒಬ್ಬ ಮಾತ್ರ ಒಪ್ಪಿದ. ದೇವನಕೊಂಡದ ಕುರಿ ಯರ್ರೆಪ್ಪ. "ನಿಮ್ಮ ಮಾವ ಇಲ್ಲಂದ್ರ ನನ್ನ ಹೊಲಾನ ಇರ್ತಿದ್ದಿಲ್ರೀ ಅಮ್ಮಾ. ನಾ ಬರ್ತೀನಿ, ಹೆಬ್ಬೆಟ್ಟು ಎಲ್ಲಿ ಒತ್ಲಿ ಹೇಳ್ರೀ" ಅಂದ. ಪಹಣಿ ಹಿಡಿದು ಕೋರ್ಟಿಗೆ ಬರುವ ದಿನ ಬರಲಿಲ್ಲ. ಸಂಜೆ ಅವನ ಮಗ ಸುಂಕೇಶ ಮನೆಗೆ ಬಂದು ನಿಂತುಕೊಂಡೇ ಮಾತಾಡಿದ. "ಕುರಿ ಸಾಲ ಪಾಸಾಗೈತ್ರೀ. ನಿಮ್ಮ ಹೆಸರಿನ ಪಕ್ಕ ನಮ್ಮಪ್ಪನ ಹೆಸರು ಬಂದ್ರ ನಿಲ್ಸ್ತಾರಂತ ಯಾರೋ ಮನಿಗೆ ಬಂದು ಹೇಳಿ ಹೋದ್ರು." ಯಾರು ಅಂತ ಕೇಳಿದೆ. "ಕಾರಿನ್ಯಾಗ ಬಂದಿದ್ರು" ಅಂದ, ಅಷ್ಟೇ.

ಬಿದ್ದವರಿಗೆ ಆಳಿಗೊಂದು ಕಲ್ಲು. ಆದರೂ ನಾನು ಬಿಡುವುದಿಲ್ಲ. ನೀವು ಮ್ಯಾಜಿಸ್ಟ್ರೇಟ್ ಮುಂದೆ ಹೇಳುತ್ತೇನೆ ಅಂದದ್ದು ಓದಿ ನನಗೆ ಧೈರ್ಯ ಬಂದಿದೆ. ಹೇಳಿಬಿಡಿ. ಯಾವ ದೊಡ್ಡವರಾದರೂ ಆಗಲಿ.

ಶೋಭಾರಾಣಿ


ಜೈಲು
14 ಡಿಸೆಂಬರ್ 2024

ಶೋಭಾ,

ಹಿಂದಿನ ಕಾಗದದಲ್ಲಿ ಸಿಟ್ಟಿನಲ್ಲಿ ಏನೇನೋ ಬರೆದಿದ್ದೆ. ಅದನ್ನು ಹರಿದು ಹಾಕು. ಯಾರದೂ ತಪ್ಪಿಲ್ಲ, ಲೆಕ್ಕ ನೋಡದೆ ಸಹಿ ಹಾಕಿದ್ದು ನನ್ನ ತಪ್ಪು. ತನಿಖೆಯವರಿಗೂ ಹಾಗೇ ಹೇಳಿದ್ದೇನೆ.

ಅಕ್ಷರ ಸೊಟ್ಟಗಿದೆ ಅಂತ ಗಾಬರಿಯಾಗಬೇಡ. ಬಚ್ಚಲಲ್ಲಿ ಜಾರಿ ಬಿದ್ದೆ, ಬಲಗೈ ಬೆರಳು ಊದಿವೆ. ಚಂದ್ರ ಬಹಳ ಒಳ್ಳೆಯವನು. ನಾನು ಬರೆಯುವಾಗ ಪಕ್ಕದಲ್ಲೇ ಕೂತಿರುತ್ತಾನೆ.

ಇಲ್ಲಿ ಆರಾಮವಾಗಿದ್ದೇನೆ. ಜಾಮೀನಿಗೆ ಅವಸರ ಮಾಡಬೇಡ. ಯಾರ ಬಾಗಿಲಿಗೂ ಹೋಗಬೇಡ. ಯಾರಾದರೂ ತಾವಾಗಿ ಬಂದು ನಿಲ್ಲುತ್ತೇವೆ ಅಂದರೂ, ನಮ್ಮಿಂದ ಅವರಿಗೆ ತೊಂದರೆ ಯಾಕೆ, ಬೇಡ ಅನ್ನು. ಇನ್ನೊಂದು ಸ್ವಲ್ಪ ದಿನ ಇಲ್ಲೇ ಇರುವುದು ನನಗೆ ಒಳ್ಳೆಯದು.

ಹಾರಿಕಾ ಸಂಜೆ ಕತ್ತಲಾಗುವ ಮೊದಲು ಮನೆ ಸೇರುತ್ತಾಳೆ ತಾನೆ?

ಸೋಮೇಶ್


ಆದೋನಿ
3 ಜನವರಿ 2025

ಹಾರಿಕಾಳ ಅಪ್ಪನಿಗೆ,

ನಿಮ್ಮ ಕಾಗದ ಓದಿ ಎರಡು ದಿನ ಉರಿದು ಹೋದೆ. ಇಲ್ಲಿ ನಾನು ಊರೂರು ತಿರುಗಿ ಕಾಲಿನ ಚರ್ಮ ಕಿತ್ತುಕೊಂಡಿದ್ದೇನೆ, ಅಲ್ಲಿ ನಿಮಗೆ ಆರಾಮ! ಮನೆಯಲ್ಲಿದ್ದಾಗ ಸಾರಿಗೆ ಉಪ್ಪು ಒಂದು ಹರಳು ಕಡಿಮೆಯಾದರೆ ತಟ್ಟೆ ಸರಿಸುತ್ತಿದ್ದವರು, ಈಗ ಜೈಲಿನ ಊಟ ಹಿತವಾಯಿತೋ? ಸಿದ್ದಬಸಪ್ಪನ ಮಗ ಬಗ್ಗುವವನಲ್ಲ ಅಂತ ಊರಿಗೆ ಹೇಳು ಅಂದಿರಿ, ನಾನೂ ಹೇಳಿದೆ. ಈಗ ನನ್ನ ಮಾತನ್ನು ಯಾವ ನೀರಲ್ಲಿ ಬಿಡಲಿ? ಕೈಗೆ ಅರಿಶಿನ ಹಚ್ಚಿಕೊಳ್ಳಿ ಅಂತ ಬರೆಯಬೇಕು, ಆದರೆ ಅಲ್ಲಿ ಅರಿಶಿನ ಯಾರು ಕೊಡುತ್ತಾರೆ.

ಇಪ್ಪತ್ತಾರನೇ ತಾರೀಖು ಮನೆ ಜಪ್ತಿಯಾಯಿತು. ಬಾಗಿಲಿಗೆ ಕಾಗದ ಅಂಟಿಸಿ ಬೀಗ ಹಾಕಿ ಅರಗು ಒತ್ತಿದರು. ಉಟ್ಟ ಬಟ್ಟೆ, ಹಾರಿಕಾಳ ಪುಸ್ತಕ, ದೇವರ ಸಂಪುಟ, ಇಷ್ಟಕ್ಕೆ ಬಿಟ್ಟರು. ಜಗಲಿಯ ಹತ್ತಿಯನ್ನೂ ಎಣಿಸಿಕೊಂಡು, ನನ್ನ ಫೋನನ್ನೂ ತಗೊಂಡು ಹೋದರು. ಬಾಡಿಗೆಗೆ ಮನೆ ಕೇಳಿದೆ. ಖಾಲಿ ಇವೆ, ನಮಗೆ ಮಾತ್ರ ಇಲ್ಲ. ಅವತ್ತು ಬೀದಿಯಲ್ಲಿ ಟ್ರಂಕಿನ ಮೇಲೆ ಕೂತ ಹಾರಿಕಾಳ ಮುಖ ನೋಡಿದ್ದರೆ ನಿಮಗೆ ಆರಾಮ ಅನ್ನುವ ಮಾತು ಬಾಯಿಗೆ ಬರುತ್ತಿರಲಿಲ್ಲ.

ಆಗ ದೇವರ ಹಾಗೆ ಬಂದವರು ಭೀಮಲಿಂಗಪ್ಪ ಮಾವ. ನೀವು ಕಾಕಾ ಅನ್ನುವವರು, ನಿಮ್ಮಪ್ಪನ ಜೊತೆ ಒಂದೇ ಜೀಪಿನಲ್ಲಿ ಓಟು ಕೇಳಿದವರು. ತಮ್ಮ ಹತ್ತಿ ಜಿನ್ನಿಂಗ್ ಮಿಲ್ಲಿನಿಂದ ನೇರ ಬಂದಿದ್ದರು, ಮೀಸೆ ಮೇಲೆ ಇನ್ನೂ ಹತ್ತಿಯ ಧೂಳು ಇತ್ತು. "ಸಿದ್ದಬಸಪ್ಪನ ಸೊಸಿ ಬೀದ್ಯಾಗ ಕುಂತಾಳಂದ್ರ ನಾ ಇನ್ನೂ ಬದುಕಿದ್ದು ಯಾಕವಾ? ಏಳು ಮಗಳೇ" ಅಂದರು. ಕರೆದುಕೊಂಡು ಹೋಗಿ ತಮ್ಮ ಮನೆಯ ಮಾಳಿಗೆ ಬಿಟ್ಟುಕೊಟ್ಟಿದ್ದಾರೆ. ಸ್ಕೂಲಿನ ಫೀಸು ಕಟ್ಟಿದರು. ಲಕ್ಷ್ಮಿಕಾಂತ್ ವಕೀಲರ ಬಾಕಿಯನ್ನೂ ಅವರೇ ಕೊಟ್ಟರು. ಮೊನ್ನೆ ಊಟಕ್ಕೆ ಕೂತಾಗ, "ಸೋಮೇಶಗ ನಾನೇ ಜಾಮೀನು ನಿಂದರ್ತೀನಿ, ನೋಡೋಣ ಯಾವ ಬ್ಯಾಂಕು ನನ್ನ ಖಾತಿ ಮುಟ್ತೈತಿ" ಅಂದರು. ಅತ್ತುಬಿಟ್ಟೆ. ಇಡೀ ತಾಲೂಕಿನಲ್ಲಿ ಒಬ್ಬ ಗಂಡಸು ಇದ್ದಾನೆ ಅನ್ನಿಸಿತು.

ಬೇಡ ಅನ್ನು ಅಂತ ನೀವು ಬರೆದದ್ದನ್ನು ನಾನು ಕೇಳುವುದಿಲ್ಲ. ನಿಮ್ಮ ಮಾನ ದೊಡ್ಡದಿರಬಹುದು, ನನಗೆ ಗಂಡ ಬೇಕು.

ಇನ್ನು ಅಂಚೆ ಕಚೇರಿಗೆ ನಾನು ಹೋಗಬೇಕಿಲ್ಲ. ಇವರ ಡ್ರೈವರ್ ಶ್ರೀನು ಕಾಗದ ತಗೊಂಡು ಹೋಗಿ ಹಾಕುತ್ತಾನೆ.

ಶೋಭಾರಾಣಿ


ಜೈಲು
17 ಜನವರಿ 2025

ಶೋಭಾ,

ಕಾಕಾ ಅಷ್ಟು ಮಾಡಿದ್ದು ಕೇಳಿ ಸಂತೋಷ. ಅವರಿಗೆ ನನ್ನ ನಮಸ್ಕಾರ ತಿಳಿಸು. ಅವರ ಋಣ ನನ್ನ ಮೇಲಿದೆ ಅಂತ ಹೇಳು, ಅವರ ವಿಷಯದಲ್ಲಿ ನಾನು ಎಂದೂ ಬಾಯಿ ತೆರೆಯುವವನಲ್ಲ ಅಂತಲೂ ಹೇಳು. ಇದೇ ಮಾತಿನಲ್ಲಿ ಹೇಳು.

ಮಾಳಿಗೆಗೆ ಮೆಟ್ಟಿಲು ಹೊರಗಿನಿಂದ ಇದೆಯೋ ಒಳಗಿನಿಂದಲೋ? ಹಾರಿಕಾಳನ್ನು ಸ್ಕೂಲಿಗೆ ಯಾರು ಬಿಡುತ್ತಾರೆ? ರಾತ್ರಿ ಚಿಲಕ ನೀವೇ ಹಾಕಿಕೊಳ್ಳುತ್ತೀರಾ?

ಆದರೂ ಒಬ್ಬರ ಮನೆಯಲ್ಲಿ ಹೆಚ್ಚು ದಿನ ಇರಬಾರದು, ಭಾರವಾಗುತ್ತದೆ. ಹೊಳೆಯಾಚೆ ರಾಯಚೂರು ಸೀಮೆಯಲ್ಲಿ ನನ್ನ ಸೋದರತ್ತೆ ಅಕ್ಕನಾಗಮ್ಮ ಇದ್ದಾಳಲ್ಲ, ಅವಳಿಗೆ ಕಣ್ಣು ಮಂಜಾಗಿದೆಯಂತೆ, ಜೊತೆಗೆ ಜನ ಬೇಕಂತೆ. ನೀನೂ ಹಾರಿಕಾಳೂ ಹೋಗಿ ಅಲ್ಲೇ ಇದ್ದರೆ ಒಳ್ಳೆಯದಲ್ಲವೇ? ಶನಿವಾರದ ಸಹಿಗೆ ಅಲ್ಲಿಂದ ಬಂದು ಹೋಗಬಹುದು. ಯೋಚಿಸು. ಬೇಗ ಯೋಚಿಸು.

ಲಕ್ಷ್ಮಿಕಾಂತ್ ಬಂದಿದ್ದ. ಮೊದಲು ನನ್ನನ್ನು ಮಾತಾಡಿಸುತ್ತಿದ್ದ, ಈ ಸಲ ಚಂದ್ರನನ್ನು ಮಾತಾಡಿಸಿದ.

ಸೋಮೇಶ್


ಆದೋನಿ
4 ಫೆಬ್ರವರಿ 2025

ಹಾರಿಕಾಳ ಅಪ್ಪನಿಗೆ,

ನಿಮಗೆ ಏನಾಗಿದೆ? ಮೆಟ್ಟಿಲು ಒಳಗಿಂದಲೋ ಹೊರಗಿಂದಲೋ ಅಂತ ಕೇಳುತ್ತೀರಿ, ಮನೆ ಕೊಳ್ಳುವವರ ಹಾಗೆ. ಒಳಗಿಂದಲೇ ಇದೆ, ಅವರ ಪಡಸಾಲೆ ದಾಟಿ ಹತ್ತಬೇಕು. ಚಿಲಕ ಹೊರಗಿನದು, ಒಳಗಿನದು ಮುರಿದಿದೆ. ಹಾರಿಕಾಳನ್ನು ಶ್ರೀನು ಕಾರಿನಲ್ಲಿ ಬಿಟ್ಟು ಕಾರಿನಲ್ಲಿ ಕರೆತರುತ್ತಾನೆ. ಗೆಳತಿಯರ ಜೊತೆ ನಡೆದು ಬರುತ್ತೇನೆ ಅಂದಳು ಹುಡುಗಿ. "ಬ್ಯಾಡವಾ, ಕಾಲ ಛಲೋ ಇಲ್ಲ" ಅಂದರು ಮಾವ. ಹೆತ್ತ ತಾಯಿ ನಾನು, ನನಗೇ ಅಷ್ಟು ಕಾಳಜಿ ಇಲ್ಲ ನೋಡಿ.

ನಾನು ಹೊಳೆಯಾಚೆ ಯಾಕೆ ಹೋಗಲಿ? ಪರೀಕ್ಷೆ ಹತ್ತಿರ ಬಂದಿದೆ. ನೀವು ಬಿಡುಗಡೆಯಾಗುವಾಗ ನಾನು ಇಲ್ಲದಿದ್ದರೆ ಜನ ಏನಂದಾರು? ಉಂಡ ಮನೆಗೆ ಬೆನ್ನು ತಿರುಗಿಸಿ ಹೋದಳು ಅಂದಾರು.

ಸಂಜೆ ಮಾವ ಉಯ್ಯಾಲೆ ಮೇಲೆ ಕೂತು, "ಸೋಮೇಶ ಏನ್ ಬರದಾನವಾ" ಅಂತ ಕೇಳುತ್ತಾರೆ. ಓದಿ ಹೇಳುತ್ತೇನೆ. ಬಾಯಿ ತೆರೆಯುವವನಲ್ಲ ಅಂತ ನೀವು ಬರೆದದ್ದನ್ನು ಓದಿದಾಗ ಉಯ್ಯಾಲೆ ನಿಲ್ಲಿಸಿ, ಇನ್ನೊಮ್ಮೆ ಓದು ಅಂದರು. ಓದಿದೆ. "ಶಾಣ್ಯಾ ಅದಾನ. ಆದ್ರ ಶಾಣ್ಯಾ ಆಗಾಕ ತಡ ಮಾಡಿದ" ಅಂತ ನಕ್ಕರು. ಸೊಸೈಟಿಯ ಲೆಕ್ಕದಲ್ಲಿ ನೀವು ಮೈಮರೆತದ್ದಕ್ಕೆ ಹಾಗಂದರು ಅಂದುಕೊಂಡೆ.

ಈಗ ನಿಜವಾದ ಸುದ್ದಿ. ಇಬ್ಬರು ಜಾಮೀನುದಾರರೂ ಆದರು. ಒಬ್ಬರು ಮಾವ, ಇನ್ನೊಬ್ಬ ಶ್ರೀನು. ಅವನ ಹೆಸರಲ್ಲಿ ಮಿಲ್ಲಿನ ಪಕ್ಕ ಒಂದು ತುಂಡು ಜಾಗ ಇದೆಯಂತೆ, ಡ್ರೈವರನಿಗೆ ಹೇಗೆ ಬಂತೋ ನಾನು ಕೇಳಲಿಲ್ಲ. ಕೋರ್ಟಿನ ಕಾಗದಗಳೆಲ್ಲ ಮುಗಿದು ಇಪ್ಪತ್ತನಾಲ್ಕು ಸೋಮವಾರ ಬೆಳಿಗ್ಗೆ ನೀವು ಹೊರಗೆ! ಗೇಟಿನಲ್ಲಿ ಮಾವನ ಕಾರು ಕಾದಿರುತ್ತದೆ. ಜಾಮೀನು ನಿಂತವರೇ ಕರೆತರಬೇಕು, ಅದು ಮರ್ಯಾದೆ ಅಂತಾರೆ ಮಾವ. ಶಿವರಾತ್ರಿಗೆ ನಮ್ಮ ಜೊತೆ ಇರುತ್ತೀರಿ. ಗಡ್ಡ ತೆಗೆಸಿಕೊಂಡು ಬನ್ನಿ, ಇಲ್ಲದಿದ್ದರೆ ಹಾರಿಕಾ ಯಾರೋ ಜಂಗಮರು ಬಂದರು ಅಂತ ಜೋಳ ತಂದು ನೀಡಿಯಾಳು.

ಶೋಭಾರಾಣಿ


ಜೈಲು
12 ಫೆಬ್ರವರಿ 2025

ಪ್ರೀತಿಯ ಶೋಭಾ,

ಸೋಮವಾರದ ಸುದ್ದಿ ಚಂದ್ರನೂ ಹೇಳಿದ. ಬಹಳ ಖುಷಿಯಾಗಿದೆ. ಕಾಕಾನ ಕಾರಿನಲ್ಲೇ ಬರುತ್ತೇನೆ, ಬೇರೆ ಏನೂ ಏರ್ಪಾಡು ಬೇಡ.

ಒಂದು ವಿಷಯ ಮಾತ್ರ ಮರೆಯಬೇಡ. ನಮ್ಮ ಮನೆತನದ ಪದ್ಧತಿ ನಿನಗೆ ಗೊತ್ತಿಲ್ಲದಿರಬಹುದು, ನೀನು ಬಂದ ಮೇಲೆ ಅದರ ಪ್ರಸಂಗ ಬಂದಿಲ್ಲ. ಸೆರೆಯಿಂದ ಬಂದ ಗಂಡಸಿನ ಮುಖವನ್ನು ಹೆಂಡತಿ ಮಕ್ಕಳು ಹೊಳೆಯ ಈ ದಂಡೆಯಲ್ಲಿ ನೋಡಬಾರದು. ಮುಂಚಿತವಾಗಿ ಹೊಳೆ ದಾಟಿ ಹೋಗಿರಬೇಕು. ಗಂಡಸು ತಾನೇ ದಾಟಿ ಹೋಗಿ, ಸೋದರತ್ತೆಯ ಕೈಯಿಂದ ತಲೆ ಮೇಲೆ ನೀರು ಹುಯ್ಯಿಸಿಕೊಂಡು, ವಿಭೂತಿ ಹಚ್ಚಿಕೊಂಡು, ಆಮೇಲೆ ಮುಖ ತೋರಿಸಬೇಕು. ತಾತ ಜೈಲಿನಿಂದ ಬಂದಾಗ ಹಾಗೇ ಮಾಡಿದ್ದರು. ತಪ್ಪಿದರೆ ಮನೆಗೆ ಕೇಡು.

ಆದ್ದರಿಂದ ಇಪ್ಪತ್ತೆರಡು ಶನಿವಾರ ಠಾಣೆಯಲ್ಲಿ ಸಹಿ ಹಾಕಿ, ಭಾನುವಾರ ಬೆಳಿಗ್ಗೆ ಹಾರಿಕಾಳನ್ನು ಕರೆದುಕೊಂಡು ಅಕ್ಕನಾಗಮ್ಮತ್ತೆಯ ಮನೆಗೆ ಹೋಗು. ಅವಳ ಪುಸ್ತಕ, ದೇವರ ಸಂಪುಟ ಜೊತೆಗಿರಲಿ. ನಾನು ಬರುವವರೆಗೆ ಈ ದಂಡೆಗೆ ಕಾಲಿಡಬಾರದು. ಯಾರು ಕರೆದರೂ ಬರಬಾರದು. ನಾನೇ ಕರೆದೆ ಅಂತ ಯಾರಾದರೂ ಹೇಳಿದರೂ ಬರಬಾರದು. ಪದ್ಧತಿ ಅಂದರೆ ಪದ್ಧತಿ. ಕಾಕಾನಿಗೆ ಈ ಕಾಗದ ಓದಿ ಹೇಳು, ಅವರು ಹಿರಿಯರು, ಮಡಿ ಮೈಲಿಗೆ ತಿಳಿದವರು, ಬೇಡ ಅನ್ನುವುದಿಲ್ಲ.

ಈ ಒಂದು ಮಾತು ನಡೆಸಿಕೊಡು. ಇಷ್ಟು ವರ್ಷ ನಿನ್ನನ್ನು ಏನೂ ಕೇಳಿಲ್ಲ ಅಂತ ಬರೆಯಹೋದೆ, ಸುಳ್ಳಾಗುತ್ತದೆ, ದಿನಾ ಕೇಳಿದ್ದೇನೆ. ಸಾರಿಗೆ ಉಪ್ಪು ಎಂದೂ ಕಡಿಮೆ ಇರಲಿಲ್ಲ ಶೋಭಾ, ಸುಮ್ಮನೆ ಅನ್ನುತ್ತಿದ್ದೆ.

ನಿನ್ನ
ಸೋಮೇಶ್


ಆದೋನಿ
19 ಫೆಬ್ರವರಿ 2025

ಹಾರಿಕಾಳ ಅಪ್ಪನಿಗೆ,

ಈ ಕಾಗದ ಮುಟ್ಟುವಷ್ಟರಲ್ಲಿ ನೀವೇ ಹೊರಟಿರುತ್ತೀರಿ, ಆದರೂ ಬರೆಯುವ ಚಟ ಹತ್ತಿದೆ.

ಓದಿ ಹೇಳಿದೆ. "ಈ ಪದ್ಧತಿ ಸಿದ್ದಬಸಪ್ಪ ನನಗ ಎಂದೂ ಹೇಳಿದ್ದಿಲ್ಲಲಾ" ಅಂದರು ಮಾವ. ಹಾರಿಕಾಳನ್ನಾದರೂ ಬಿಟ್ಟು ಹೋಗು, ಪರೀಕ್ಷೆ ಕೆಡುತ್ತದೆ ಅಂದರು. ನಾನು ಕಾಗದ ತೋರಿಸಿ, "ಹೆಣ್ತಿ ಮಕ್ಕಳು ಅಂತ ಬರದಾರ ಮಾವಾ, ತಪ್ಪಿದ್ರ ಕೇಡಂತ" ಅಂದೆ. ಪೂಜೆ ಮಾಡುತ್ತಿದ್ದ ಅವರ ಹೆಂಡತಿ ಅಲ್ಲಿಂದಲೇ, "ದೇವರ ಮಾತಿಗೆ ಅಡ್ಡ ಬರಬ್ಯಾಡ್ರಿ, ಹೋಗಿ ಬರ್ಲಿ ಬಿಡ್ರಿ" ಅಂದರು. ಹೆಂಡತಿಯ ಮುಂದೆ ಅವರು ಆಗಲಿ ಅಂದರು. ಭಾನುವಾರ ಶ್ರೀನು ಮಾಧವರಂ ಸೇತುವೆವರೆಗೆ ಬಿಡುತ್ತಾನೆ.

ಇಷ್ಟು ದೈವಭಕ್ತಿ ನಿಮಗೆ ಯಾವಾಗ ಬಂತು ಅಂತ ನಗು ಬರುತ್ತದೆ. ಉಪ್ಪಿನ ಮಾತು ಓದಿ ಮಾತ್ರ ನಗು ಬರಲಿಲ್ಲ. ಯಾಕೋ ಗೊತ್ತಿಲ್ಲ, ಅದನ್ನು ಮಾವನಿಗೆ ಓದಲಿಲ್ಲ.

ಶೋಭಾ


ಹೊಳೆಯಾಚೆ, ಅಕ್ಕನಾಗಮ್ಮತ್ತೆಯ ಮನೆ
27 ಫೆಬ್ರವರಿ 2025

ಹಾರಿಕಾಳ ಅಪ್ಪನಿಗೆ,

ಭಾನುವಾರ ಬಂದೆವು. ಸೋಮವಾರ ಸಂಜೆಯಿಂದ ನೀರು ಕಾಯಿಸಿಟ್ಟು ಕಾದೆ. ಮಂಗಳವಾರವೂ ಕಾಯಿಸಿದೆ. ಅತ್ತೆ ಮಂಜುಗಣ್ಣು ಕಿರಿದು ಮಾಡಿ, "ಯಾರಿಗವಾ ಇಷ್ಟು ನೀರು" ಅಂದಳು. ನೀವು ಹುಯ್ಯಬೇಕಲ್ಲ ಅತ್ತೆ, ಪದ್ಧತಿಯಲ್ಲವೇ ಅಂದೆ.

"ಯಾವ ಪದ್ಧತಿ? ನಾ ಆ ಮನಿ ಮಗಳು, ಅಂಥಾದ್ದು ನಮ್ಮ ಮನ್ಯಾಗ ಎಂದೂ ಇದ್ದಿಲ್ಲ. ನಮ್ಮಪ್ಪ ಜೈಲಿಂದ ಬಂದಾವ ಚಪ್ಪಲಿ ಸುದ್ದಾ ಬಿಡದ ಅಡಗಿ ಮನಿಗೆ ಹೋಗಿ ನಮ್ಮವ್ವನ ಮುಂದ ಕುಂತಿದ್ದ. ನಾ ನೋಡೀನಿ" ಅಂದಳು.

ಒಲೆಯ ಮುಂದೆಯೇ ಕೂತುಬಿಟ್ಟೆ. ಆಮೇಲೆ ನಿಮ್ಮ ಕಾಗದಗಳನ್ನು ಸಾಲಾಗಿ ಇಟ್ಟು ಓದಿದೆ. ಬಚ್ಚಲಲ್ಲಿ ನೀವು ಜಾರಿರಲಿಲ್ಲ. ನಿಮಗೆ ಜೈಲು ಹಿತವಾಗಿರಲಿಲ್ಲ. ಸಹಿ ಹಾಕು ಅಂದವರು ಯಾರು ಅಂತ ಈಗ ಯಾರೂ ನನಗೆ ಹೇಳಬೇಕಿಲ್ಲ. ಅವರ ಉಯ್ಯಾಲೆಯ ಮುಂದೆ ಕೂತು ನಿಮ್ಮ ಒಂದೊಂದು ಸಾಲನ್ನೂ ನಾನೇ ಓದಿ ಹೇಳಿದೆ. ಯರ್ರೆಪ್ಪನ ಮನೆಗೆ ಕಾರು ಯಾಕೆ ಹೋಯಿತು, ಊರಿಗೆ ಊರೇ ಬಾಗಿಲು ಹಾಕಿಕೊಂಡು ಒಂದೇ ಬಾಗಿಲು ಯಾಕೆ ತೆರೆದಿತ್ತು, ಜಾಮೀನು ನಿಂತವರೇ ಕರೆತರಬೇಕು ಅಂತ ಯಾಕೆ ಅಂದರು, ಎಲ್ಲ ತಿಳಿಯಿತು. ಆ ಬಾಗಿಲಿಗೆ ನಾನು ನಮಸ್ಕಾರ ಮಾಡಿ ಒಳಗೆ ಹೋಗಿದ್ದೆ.

ನಿಮ್ಮ ಮೇಲೂ ನನಗೆ ಸಿಟ್ಟಿದೆ. ಹೆಸರನ್ನು ಅಡುಗೆಮನೆಗೆ ತರಬಾರದು ಅಂದಿರಿ. ಆ ಹೆಸರು ಒಂದು ಸಲ ನನ್ನ ಕಿವಿಗೆ ಬಿದ್ದಿದ್ದರೆ, ಟ್ರಂಕಿನ ಮೇಲೆ ಕೂತು ಭಿಕ್ಷೆ ಬೇಡುತ್ತಿದ್ದೆನೇ ಹೊರತು ಆ ಕಾರು ಹತ್ತುತ್ತಿರಲಿಲ್ಲ.

ಪಕ್ಕದ ಮನೆಯ ಫೋನಿಗೆ ಅವರ ಕರೆ ಬರುತ್ತಿದೆ. ಮಂಗಳವಾರ, "ಸೋಮೇಶ ಬಂದಾನವಾ, ನಮ್ಮ ಮನ್ಯಾಗ ಅದಾನ, ನಿನ್ನ ಕೇಳಾಕತ್ಯಾನ, ಹಾರಿಕಾನ್ನ ಕರ್ಕೊಂಡು ಬಾ" ಅಂದರು. ಫೋನ್ ಅವರಿಗೆ ಕೊಡ್ರಿ ಅಂದೆ. ಸ್ನಾನ ಮಾಡುತ್ತಿದ್ದಾನೆ ಅಂದರು. ನಿನ್ನೆ ಶಿವರಾತ್ರಿ. ಮತ್ತೆ ಫೋನ್. ನಿಮಗೆ ಕೊಡಿ ಅಂದೆ. ಊಟಕ್ಕೆ ಕೂತಿದ್ದಾನೆ ಅಂದರು. ನಿಮ್ಮಪ್ಪ ತೀರಿಕೊಂಡ ವರ್ಷವೂ ಶಿವರಾತ್ರಿಯ ಉಪವಾಸ ಬಿಡದವರು ನೀವು. ಫೋನ್ ಕೈಯಲ್ಲಿ ಹಿಡಿದೇ ನಿಂತಿದ್ದೆ, ಹಾರಿಕಾ ಎದುರಿಗೆ ನಿಂತು, "ಅಪ್ಪ ಏನಂದ್ರು" ಅಂತ ಕೇಳುತ್ತಿದ್ದಳು.

ಸೇತುವೆ ಇಲ್ಲಿಂದ ಕಾಣುತ್ತದೆ. ಶ್ರೀನು ಆ ತುದಿಯಲ್ಲಿ ಕಾರು ನಿಲ್ಲಿಸಿಕೊಂಡು ನಿನ್ನೆಯಿಂದ ಇದ್ದಾನೆ ಅಂತ ಹಾಲಿನವನು ಹೇಳಿದ. ಒಂದು ಮನಸ್ಸು ಓಡಿ ಹೋಗಿ ನೋಡು ಅನ್ನುತ್ತದೆ. ಒಂದು ವೇಳೆ ನೀವು ಅಲ್ಲೇ ಇದ್ದರೆ? ನಿಜವಾಗಿ ನನ್ನನ್ನು ಕೇಳುತ್ತಿದ್ದರೆ? ಆದರೆ ನಾನೇ ಕರೆದೆ ಅಂದರೂ ಬರಬಾರದು ಅಂತ ನೀವೇ ಬರೆದಿದ್ದೀರಿ.

ನಾಳೆ ಬೆಳಿಗ್ಗೆ ರಾಯಚೂರಿಗೆ ಹೋಗುತ್ತೇನೆ. ಅತ್ತೆಯ ಪರಿಚಯದ ವಕೀಲೆಯೊಬ್ಬರು ಇದ್ದಾರೆ. ಗಂಡನನ್ನು ಹುಡುಕಿಕೊಡಿ ಅಂತ ಕೋರ್ಟಿಗೆ ಅರ್ಜಿ ಹಾಕುತ್ತೇನೆ, ಹೆಸರು ಬಿಡಿಸಿ ಬರೆಯುತ್ತೇನೆ. ಶನಿವಾರದ ಸಹಿ ತಪ್ಪುತ್ತದೆ, ನನ್ನನ್ನು ಹಿಡಿಯಬಹುದು. ಹಿಡಿಯಲಿ, ಯಾಕೆ ತಪ್ಪಿಸಿದೆ ಅಂತ ಕೇಳುವವರಿಗೆ ಹೇಳಲು ನನ್ನ ಬಳಿ ಬಹಳ ಇದೆ.

ಈ ಕಾಗದವನ್ನು ಜೈಲಿಗೇ ಹಾಕುತ್ತಿದ್ದೇನೆ, ನಿಮ್ಮ ಬೇರೆ ವಿಳಾಸ ನನಗೆ ಗೊತ್ತಿಲ್ಲ. ಚಂದ್ರ ಮೊದಲು ಓದುತ್ತಾನೆ. ಓದಲಿ, ಓದಿ ಯಾರಿಗೆ ಹೇಳಬೇಕೋ ಹೇಳಲಿ.

ಇದನ್ನು ಬರೆಯುವಾಗ ಮತ್ತೆ ಫೋನ್ ಬಂತು. ಈ ಸಲ ನೀವು ಮಲಗಿದ್ದೀರಂತೆ. "ಮಲ್ಕೊಂಡಾನವಾ, ಎಬ್ಬಿಸೂದು ಬ್ಯಾಡ. ನೀನೇ ಬಂದು ನೋಡು. ಆ ಪದ್ಧತಿ ಗಿದ್ಧತಿ ಎಲ್ಲಾ ಸುಳ್ಳು ಅಂತ ಅವನೇ ಅಂದ" ಅಂದರು ಭೀಮಲಿಂಗಪ್ಪ.

ನನ್ನ ದನಿ ನಡುಗಲಿಲ್ಲ, ಹಾರಿಕಾಳನ್ನು ಕೇಳಿ ನೋಡಿ. "ಇಲ್ರೀ, ಖರೇನ ಐತಿ. ನಮ್ಮ ಮನಿ ಗಂಡಸು ತಾನಾ ಹೊಳಿ ದಾಟಿ ಬರಬೇಕು. ಎಬ್ಬಿಸಿ ಕಳಸ್ರಿ" ಅಂದೆ.

ಅವರು ಫೋನ್ ಇಡಲಿಲ್ಲ. ನಾನೂ ಫೋನ್ ಇಡಲಿಲ್ಲ.

ಶೋಭಾ